ತಮ್ಮ ಓದಿದ, ನಾನು ಹೂಂ ಅಂದೆ

ಸ್ಮೋಕ್ ಅಲಾರಂ ಜೊತೆ ಬರುವ ಪುಸ್ತಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ಇಡೀ ಲಂಡನ್ನಿನಲ್ಲಿ ಯಾರಾದರೂ ಇದ್ದರೆ ಅದು ನನ್ನ ತಮ್ಮ ಒಬ್ಬನೇ! ಅದೇ ಅಲಾರಂ ಹೊಡೆದುಕೊಂಡು ಕಟ್ಟಡದ ಜನರೆಲ್ಲ ಬರಿಗಾಲಲ್ಲಿ ಬೀದಿಗೆ ಓಡಿ ಬಂದ ದಿನ ಎಲ್ಲರಿಗಿಂತ ಕೊನೆಗೆ ಇಳಿದು ಬಂದವನೂ ಅವನೇ. ಕೈಯಲ್ಲಿ ಪುಸ್ತಕ. ಅಲಾರಂ ಹೊಡೆದದ್ದು ಯಾರಿಂದ? ಅದೂ ಅವನಿಂದಲೇ. ಊರಿನಿಂದ ತಂದ ಒಣ ಸಿಗಡಿಯನ್ನು ಹುರಿಯಲು ಇಟ್ಟು, ಜೇನುಹುಳುಗಳ ಸಂಸಾರದ ಬಗ್ಗೆ ಓದುತ್ತಾ ಕುಳಿತಿದ್ದನಂತೆ. ಕಟ್ಟಡಗಳ ಒಳಗೆ ಗಾಳಿ ಹೇಗೆ ಓಡಾಡಬೇಕೆಂದು ಲೆಕ್ಕ ಹಾಕಿ ಕೊಡುವ ಎಂಜಿನಿಯರ್ ಅವನು. ತನ್ನ ಅಡುಗೆಮನೆಯ ಕಿಟಕಿಯನ್ನು ತೆರೆಯಬೇಕೆಂದು ಮಾತ್ರ ಹೊಳೆಯಲಿಲ್ಲ!

"ಫೈರ್ ಇಂಜಿನ್ನಿನವ್ರು ಬೈದ್ರಾ?" ಎಂದು ಕೇಳಿದೆ.

"ಬೈಲಿಲ್ಲ ಅಕ್ಕ. ಅಲಾರಂ ತಪ್ಪು ಜಾಗದಲ್ಲಿ ಕೂರ್ಸಿದ್ರಿ ಅಂತ ನಾನೇ ಅವ್ರಿಗೆ ಹೇಳ್ದೆ."

ಇಂಥವನ ಅಕ್ಕ ನಾನು. ಓದಿದ್ದು ಏಳನೇ ಕ್ಲಾಸು. ಮದುವೆಯಾಗಿ ಕುಂದಾಪುರದ ಕಡೆಯಿಂದ ಲಂಡನ್ನಿನ ಕಿಂಗ್ಸ್‌ಬರಿಗೆ ಬಂದೆ. ನಮ್ಮ ಮನೆಯವರು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾರೆ. ನಾನು ಪಾರ್ಕ್ ರಾಯಲ್‌ನ ಒಂದು ಕಾರ್ಖಾನೆಯಲ್ಲಿ ತಲೆಗೆ ಬಲೆ ಕಟ್ಟಿಕೊಂಡು ಸಮೋಸ ಪ್ಯಾಕ್ ಮಾಡುತ್ತೇನೆ. ತಮ್ಮ ಆಮೇಲೆ ಬಂದ. ಇಲ್ಲಿಯೇ ಓದಿ, ಲಂಡನ್ ಬ್ರಿಜ್ ಹತ್ತಿರ ಕೆಲಸ ಹಿಡಿದು, ಕ್ರೋಯ್ಡನ್‌ನಲ್ಲಿ ಒಂದು ಕೋಣೆ ಮಾಡಿಕೊಂಡ.

ಒಬ್ಬನೇ ಸುಮ್ಮನೆ ಓದಿಕೊಂಡರೆ ಯಾರಿಗೆ ತೊಂದರೆ? ಆದರೆ ಅವನು ಓದುವುದು ಗಟ್ಟಿಯಾಗಿ. ಅದೂ ನನಗೆ!

ಇದು ಹಳೆಯ ಕಾಯಿಲೆ. ಏಳನೇ ಕ್ಲಾಸು ಮುಗಿಸಿ ನಾನು ಅಮ್ಮನ ಜೊತೆ ಗೇರುಬೀಜದ ಕಾರ್ಖಾನೆಗೆ ಹೊರಟಾಗ ಅವನಿನ್ನೂ ಚಡ್ಡಿ ಜಾರಿಸಿಕೊಂಡು ಓಡಾಡುವ ಹುಡುಗ. ಅಕ್ಕ ಶಾಲೆ ಬಿಟ್ಟರೇನಂತೆ, ಶಾಲೆಯನ್ನೇ ಅಕ್ಕನ ಹತ್ತಿರ ತಂದರಾಯಿತು ಎಂದು ಅವನ ತಲೆಗೆ ಯಾವಾಗ ಹೊಕ್ಕಿತೋ! ಸಂಜೆ ನಾನು ಬೆರಳಿಗೆ ಅಂಟಿದ ಗೇರೆಣ್ಣೆಯ ಕಲೆ ಉಜ್ಜುತ್ತಾ ಕುಳಿತರೆ, ಅವನು ಎದುರಿಗೆ ಕುಳಿತು ಅಂದಿನ ಪಾಠವನ್ನೆಲ್ಲ ಓದುತ್ತಿದ್ದ. ಕಥೆ ಕೇಳುವವರು ಹೂಂ ಅನ್ನಬೇಕಲ್ಲ, ಹಾಗೆ ನಾನು ಸಾಲಿಗೊಂದು ಹೂಂ ಅನ್ನಬೇಕು. ಹೂಂ ತಪ್ಪಿದರೆ ಅವನು ಪುಟದ ಮೊದಲ ಸಾಲಿಗೆ ಹಿಂತಿರುಗುತ್ತಿದ್ದ. ಅದು ಅವನು ಮಾಡಿದ ಕಾನೂನು. ದಣಿದ ಮೈ, ಮುಚ್ಚುವ ಕಣ್ಣು. ಹಿಂತಿರುಗಿದರೆ ನನ್ನ ಗತಿ ಏನು? ಹೀಗೆ ನಿದ್ದೆಯಲ್ಲೂ ಸರಿಯಾದ ಜಾಗದಲ್ಲಿ ಹೂಂ ಅನ್ನುವ ವಿದ್ಯೆ ನನಗೆ ಕೈವಶವಾಯಿತು. ನನ್ನ ಹತ್ತಿರ ಆಶ್ಚರ್ಯದ ಹೂಂ ಇದೆ, ಅಯ್ಯೋ ಪಾಪದ ಹೂಂ ಇದೆ, ಆಮೇಲೇನಾಯಿತು ಎನ್ನುವ ಹೂಂ ಕೂಡ ಇದೆ. ಯಾವುದಕ್ಕೂ ಕಿವಿ ಬೇಕಾಗಿಲ್ಲ.

ಲಂಡನ್ನಿಗೆ ಬಂದ ಮೇಲೂ ಅದೇ ಕಥೆ. ಸಂಜೆ ಕ್ರೋಯ್ಡನ್ ರೈಲು ಹತ್ತಿದವನೇ ಫೋನ್ ಮಾಡಿ ಪುಸ್ತಕ ಬಿಚ್ಚುತ್ತಿದ್ದ. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಹೇಳುತ್ತಿದ್ದ. ಪಕ್ಕದವರು ಎದ್ದು ಬೇರೆ ಡಬ್ಬಿಗೆ ಹೋಗುತ್ತಿದ್ದರಂತೆ. "ಒಳ್ಳೇದೇ ಆಯ್ತಲ್ಲ ಅಕ್ಕ, ಕಾಲು ಚಾಚುಕೆ ಜಾಗ ಸಿಕ್ಕಿತ್!" ಎನ್ನುತ್ತಿದ್ದ. ಒಂದು ಸಂಜೆ ಯಾವುದೋ ಯುದ್ಧದ ಕಥೆ ಓದುತ್ತಾ ಕ್ರೋಯ್ಡನ್‌ನಲ್ಲಿ ಇಳಿಯುವುದನ್ನೇ ಮರೆತು, ಆ ರೈಲು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೂ ಹೋಗಿ ಬ್ರೈಟನ್ನಿನ ಸಮುದ್ರದ ದಡದಲ್ಲಿ ನಿಂತಿದ್ದ. ದಾರಿ ತಪ್ಪಿದ ಗಾಬರಿಯಾದರೂ ಬೇಡವೇ?

"ಅಕ್ಕ, ಇಲ್ಲಿ ಕಡಲಿಗೆ ಹೊಯ್ಗೆಯೇ ಇಲ್ಲ ಮಾರಾಯ್ತಿ! ಬರೀ ಕಲ್ಲು!" ಎಂದು ಕೂಗಿದ.

ಇನ್ನೊಮ್ಮೆ ತಲೆನೋವಿನ ಮಾತ್ರೆಯ ಡಬ್ಬಿಯೊಳಗಿನ ಚೀಟಿ ಓದಿದ. ಯಾವ ಯಾವ ತೊಂದರೆ ಆಗಬಹುದೆಂದು ಅದರಲ್ಲಿತ್ತೋ ಅಷ್ಟೂ ಅವನಿಗೆ ಶುರುವಾದವು. ಜಿಪಿ ಡಾಕ್ಟರ ಹತ್ತಿರ ಓಡಿದ. ಎಷ್ಟು ಮಾತ್ರೆ ತೆಗೆದುಕೊಂಡಿರಿ ಎಂದು ಅವರು ಗಾಬರಿಯಿಂದ ಕೇಳಿದರೆ, "ಇನ್ನೂ ತಕೊಳ್ಳಲಿಲ್ಲ" ಎಂದನಂತೆ ಈ ಮಹಾರಾಯ!

ಇವನ್ನೆಲ್ಲ ನಾನು ನಗುತ್ತಾ ಹೇಳುತ್ತಿದ್ದೇನೆ. ಒಳಗೆ ನಗು ಬರುತ್ತಿಲ್ಲ. ಇವೆಲ್ಲ ನಾನು ಕಿವಿಗೊಟ್ಟು ಕೇಳಿದ ಕಥೆಗಳು. ಕೇಳದೆ ಬಿಟ್ಟದ್ದೊಂದಿದೆ, ಅದನ್ನು ಹೇಳಬೇಕು.

ಕಾರ್ಖಾನೆಯಿಂದ ಬಂದ ಮೇಲೂ ನನ್ನ ಕಿವಿಯೊಳಗೆ ಮೆಷಿನ್ ಓಡುತ್ತಲೇ ಇರುತ್ತದೆ. ಅನ್ನಕ್ಕೆ ಇಡಬೇಕು, ಮಗಳ ಯೂನಿಫಾರ್ಮ್ ಒಗೆಯಬೇಕು. ಫೋನನ್ನು ಸ್ಪೀಕರಿಗೆ ಹಾಕಿ ಅಕ್ಕಿಯ ಡಬ್ಬದ ಮೇಲಿಟ್ಟು ನನ್ನ ಕೆಲಸ ಮಾಡಿಕೊಳ್ಳುತ್ತಿದ್ದೆ. ಅವನು ಓದುತ್ತಿದ್ದ, ನಾನು ಹೂಂ ಅನ್ನುತ್ತಿದ್ದೆ. ಇಬ್ಬರಿಗೂ ಸಮಾಧಾನ.

ಒಂದು ಶನಿವಾರ ಬೆಳಿಗ್ಗೆ ಬಾಗಿಲು ತೆಗೆದರೆ ತಮ್ಮ ನಿಂತಿದ್ದಾನೆ! ಎರಡು ಸೂಟ್‌ಕೇಸ್, ಒಂದು ರೈಸ್ ಕುಕ್ಕರ್, ಹಗ್ಗ ಕಟ್ಟಿದ ಪುಸ್ತಕದ ಗಂಟುಗಳು.

"ಇದೆಂತ ಮಾರಾಯ?" ಎಂದೆ.

"ಬತ್ತೆ ಅಂತ ಹೇಳಿದ್ನಲ್ಲ ಅಕ್ಕ. ನೀ ಹೂಂ ಅಂದ್ಯಲ್ಲ!"

ನಾನು ಏನು ಮಾಡಬೇಕಿತ್ತು? "ಅಯ್ಯೋ, ನಾನು ಕೇಳಿಸಿಕೊಳ್ಳಲಿಲ್ಲ" ಎನ್ನಬೇಕಿತ್ತು. "ಹೌದೌದು, ಇಷ್ಟು ಬೇಗ ಬತ್ತೆ ಅಂತ ಅಂದ್ಕಂಡಿಲ್ಲ, ಒಳಗೆ ಬಾ" ಎಂದೆ. ಅವನಿಗೆ ಚಹಾ ಕೊಟ್ಟು, ಮಗಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಮೆಲ್ಲಗೆ ಕೇಳಿದೆ: "ಮಾಮ ಫೋನಲ್ಲಿ ಎಂತ ಹೇಳಿದ್ದ?"

ಅವಳು ಕಣ್ಣರಳಿಸಿದಳು. "ಯು ಡೋಂಟ್ ನೋ? ಹಿ ಲಾಸ್ಟ್ ಹಿಸ್ ಜಾಬ್, ಅಮ್ಮ! ಯು ಸೇಡ್ ಹೂಂ!"

ಜೇನುಹುಳುವಿನ ಪುಸ್ತಕದ ಮಧ್ಯೆ ನಿಲ್ಲಿಸಿ ಹೇಳಿದ್ದನಂತೆ. ಕಂಪನಿಯಲ್ಲಿ ಕೆಲಸ ಕಡಿಮೆಯಾಗಿ ಕೆಲವರನ್ನು ಕಳಿಸಿದರು, ಅದರಲ್ಲಿ ನಾನೂ ಒಬ್ಬ ಎಂದನಂತೆ. ನಾನು ಹೂಂ ಅಂದೆನಂತೆ. ವೀಸಾಕ್ಕೆ ಜವಾಬ್ದಾರಿ ತೆಗೆದುಕೊಳ್ಳುವ ಬೇರೆ ಕಂಪನಿ ಬೇಗ ಸಿಗದಿದ್ದರೆ ಈ ದೇಶ ಬಿಡಬೇಕು ಎಂದನಂತೆ. ಹೂಂ. ಕೋಣೆ ಖಾಲಿ ಮಾಡಿ ನಿಮ್ಮಲ್ಲಿಗೆ ಬರಲಾ ಎಂದು ಕೇಳಿದನಂತೆ. ಹೂಂ. ಭಾವನಿಗೆ ಈಗಲೇ ಹೇಳಬೇಡ ಎಂದನಂತೆ. ಅದಕ್ಕೂ ಹೂಂ. ಆ ಮಾತನ್ನು ನಾನು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದೆ ನೋಡಿ!

ಅದಾದ ಮೇಲೂ ಅವನು ಎಂದಿನ ಹೊತ್ತಿಗೆ ಫೋನ್ ಮಾಡಿ ಓದುತ್ತಲೇ ಇದ್ದ. ಹಿಂದುಗಡೆ ರೈಲಿನ ಸದ್ದಿಲ್ಲ, ಸ್ಟೇಷನ್ನಿನ ಹೆಸರು ಕೂಗುವ ಹೆಂಗಸಿನ ದನಿಯಿಲ್ಲ. ಕ್ರೋಯ್ಡನ್‌ನ ಯಾವುದೋ ಬೆಂಚಿನ ಮೇಲೆ ಕುಳಿತು ಓದುತ್ತಿದ್ದನಂತೆ. ನನಗೆ ಗೊತ್ತಾಗಲಿಲ್ಲ. ಇಷ್ಟು ದೊಡ್ಡ ಸುದ್ದಿ ಕೇಳಿಯೂ ಅಕ್ಕ ಒಂದು ಮಾತು ಕೇಳಲಿಲ್ಲವಲ್ಲ, ಇವತ್ತಾದರೂ ಕೇಳುತ್ತಾಳೆ ಎಂದು ಅವನು ಪ್ರತಿ ಸಂಜೆ ಕಾದಿರಬೇಕು. ಕಾಯುತ್ತಾ ಓದಿರಬೇಕು.

ಈಗ ಅವನು ನಮ್ಮ ಸೋಫಾದ ಮೇಲೆ ಇದ್ದಾನೆ. ಹಗಲೆಲ್ಲ ಕೆಲಸಕ್ಕೆ ಅರ್ಜಿ ಕಳಿಸುತ್ತಾನೆ. ವೀಸಾ ಜವಾಬ್ದಾರಿ ನಮಗಾಗದು ಎಂದು ಉತ್ತರ ಬರುತ್ತದೆ, ಅಥವಾ ಉತ್ತರವೇ ಬರುವುದಿಲ್ಲ. ಪುಸ್ತಕದ ಗಂಟುಗಳ ಹಗ್ಗ ಬಿಚ್ಚಿಲ್ಲ. ಬಿಸ್ಕತ್ತಿನ ಪೊಟ್ಟಣ ಕೈಗೆ ಕೊಟ್ಟರೆ ಹಿಂದೆ ಏನು ಬರೆದಿದೆಯೆಂದು ತಿರುಗಿಸಿಯೂ ನೋಡುವುದಿಲ್ಲ.

"ಎಂತ ಮಾರಾಯ್ತಿ, ನಿನ್ ತಮ್ಮನ ಪಾರಾಯಣ ಇಲ್ದೆ ಮನೆ ಬಿಕೋ ಅಂತಿತ್ತಲ್ಲ!" ಎಂದು ನಮ್ಮ ಮನೆಯವರೇ ಹೇಳಿದರು. ಆ ಪಾರಾಯಣಕ್ಕೆ ಎಲ್ಲರಿಗಿಂತ ಹೆಚ್ಚು ಬೈದವರು ಅವರು!

"ಎಂತಾದ್ರೂ ಓದ್, ನಾ ಕೇಂತೆ" ಎಂದು ನಾನು ಅವನನ್ನು ಬೇಡಿಕೊಂಡೆ.

"ಓದಿ ಎಂತ ಆಯ್ಕ್ ಅಕ್ಕ?" ಎಂದು ಸೋಫಾದ ಬೆನ್ನಿಗೆ ಮುಖ ಮಾಡಿ ಮಲಗಿದ.

ಹೋದ ಭಾನುವಾರ ಮಧ್ಯಾಹ್ನ ಊಟವಾದ ಮೇಲೂ ಹಾಗೆಯೇ ಮಲಗಿದ್ದ. ನನಗೆ ತಡೆಯಲಾಗಲಿಲ್ಲ. ಅವನ ಪುಸ್ತಕಗಳು ಇಂಗ್ಲಿಷಿನವು, ನನಗೆ ಬಾರವು. ನಮ್ಮ ಮನೆಯಲ್ಲಿ ಕನ್ನಡದಲ್ಲಿರುವುದು ಅಡುಗೆಮನೆಯ ಗೋಡೆಗೆ ಊರಿನಿಂದ ತಂದು ತೂಗುಹಾಕಿದ ಕ್ಯಾಲೆಂಡರ್ ಒಂದೇ. ಅದನ್ನೇ ಕಿತ್ತು ತಂದು ಅವನ ಕಾಲ ಬಳಿ ಕುಳಿತೆ. ಗಟ್ಟಿಯಾಗಿ ಓದಿದೆ. ನನ್ನ ಓದು ಒತ್ತಕ್ಷರ ಬಂದಲ್ಲೆಲ್ಲ ನಿಂತು ನಿಂತು ಹೋಗುತ್ತದೆ.

"ಒಂದನೇ ತಾರೀಖು. ಭಾನುವಾರ. ತದಿಗೆ. ರಾಹುಕಾಲ ನಾಲ್ಕೂವರೆಯಿಂದ ಆರು."

ಊರಿನ ರಾಹುಕಾಲ ಲಂಡನ್ನಿಗೆ ಹೇಗೆ ಹೊಂದುತ್ತದೆ ಎಂದು ಹಿಂದೆ ಇದೇ ಕ್ಯಾಲೆಂಡರ್ ಹಿಡಿದು ನನ್ನ ತಲೆ ತಿಂದಿದ್ದ. ಈಗಲೂ ಜಗಳಕ್ಕೆ ಬರಲಿ ಎಂದು ಕಾದೆ. ಬರಲಿಲ್ಲ. ಹೂಂ ಕೂಡ ಇಲ್ಲ.

ಕಾನೂನೆಂದರೆ ಕಾನೂನು. ಪುಟದ ಮೊದಲ ಸಾಲಿಗೆ ಹಿಂತಿರುಗಿದೆ. "ಒಂದನೇ ತಾರೀಖು. ಭಾನುವಾರ. ತದಿಗೆ..." ಇಲ್ಲ. ಮತ್ತೆ ಹಿಂತಿರುಗಿದೆ. ಎಷ್ಟು ಸಲ ಓದಿದೆನೋ, ಕೊನೆಗೆ ಸೋಫಾದ ಬೆನ್ನಿನ ಕಡೆಯಿಂದ ತೆಳ್ಳಗೆ ಒಂದು ಹೂಂ ಬಂತು.

"ಸೋಮವಾರ. ಚೌತಿ. ರಾಹುಕಾಲ ಏಳೂವರೆಯಿಂದ ಒಂಬತ್ತು."

"ಹೂಂ."

"ಮಂಗಳವಾರ. ಪಂಚಮಿ. ರಾಹುಕಾಲ ಮೂರರಿಂದ ನಾಲ್ಕೂವರೆ." ನಿಲ್ಲಿಸಲಿಲ್ಲ, ದನಿಯನ್ನೂ ಬದಲಿಸಲಿಲ್ಲ. "ತಮ್ಮ, ನಿನ್ನ ಕೆಲಸ ಹೋದ ಸುದ್ದಿ ಅವತ್ತು ನಾ ಕೇಣ್ಲೇ ಇಲ್ಲ. ಸುಮ್ನೆ ಹೂಂ ಅಂದದ್ದು."

"ಹೂಂ."

ಕ್ಯಾಲೆಂಡರಿನಿಂದ ತಲೆಯೆತ್ತಿ ನೋಡಿದೆ. ಮುಖ ಆ ಕಡೆಗಿತ್ತು. ಅದು ಕೇಳಿಸಿಕೊಂಡವನ ಹೂಂ ಆಗಿತ್ತೋ, ನನ್ನಂಥವಳ ಹೂಂ ಆಗಿತ್ತೋ? ಇಷ್ಟು ವರ್ಷ ಅದೇ ವಿದ್ಯೆ ಮಾಡಿಕೊಂಡು ಬಂದವಳಿಗೂ ಗೊತ್ತಾಗಲಿಲ್ಲ. ಇನ್ನೊಮ್ಮೆ ಹೇಳುವ ಧೈರ್ಯ ಬರಲಿಲ್ಲ. ಅಕ್ಷರಗಳೆಲ್ಲ ಕಲಸಿಹೋದವು. ಓದು ನಿಂತಿತು.

ಅವನು ಸೋಫಾದ ಬೆನ್ನಿಗೆ ಹೇಳಿದಂತೆ ಹೇಳಿದ:

"ಬುಧವಾರ ಎಂತ ಅಕ್ಕ?"