ಎತ್ತಬಾರದ ಫೋನು

ತಮ್ಮ ಬಾಬು ತೀರಿಕೊಳ್ಳುವ ಹಿಂದಿನ ದಿನ ನನ್ನ ಫೋನು ಎಂದಿನಂತೆ ಒಂದು ಸಲ ರಿಂಗಾಗಿ ಸುಮ್ಮನಾಯಿತು. ನಾನು ಎತ್ತಲಿಲ್ಲ. ಎದ್ದು ಮೋಟಾರು ಚಾಲೂ ಮಾಡಿದೆ. ಎತ್ತದಿರುವುದೇ ನಮ್ಮಲ್ಲಿ ಫೋನು ಬಳಸುವ ಕ್ರಮ.

ಕಲ್ಲೋಳಿಯ ನಮ್ಮ ಹೊಲದಲ್ಲಿ ಬಾವಿ ಒಂದು ತುದಿಗೆ, ಕಬ್ಬು ಇನ್ನೊಂದು ತುದಿಗೆ. ಮೊದಲು ಬಾಬು ಆ ತುದಿಯಿಂದ ಟವೆಲ್ ಬೀಸುತ್ತಿದ್ದ, ನಾನು ಈ ತುದಿಯಲ್ಲಿ ಮೋಟಾರು ಹಚ್ಚುತ್ತಿದ್ದೆ. ಕಬ್ಬು ಆಳೆತ್ತರವಾದ ಮೇಲೆ ಟವೆಲ್ಲೂ ಕಾಣದು, ತಮ್ಮನೂ ಕಾಣ. ಗೋಕಾಕಿನಲ್ಲಿ ಎರಡು ಹಳೆಯ ಮೊಬೈಲು ಕೊಂಡೆವು. ಒಂದು ರಿಂಗು ಬಂದರೆ ಮೋಟಾರು ಚಾಲೂ, ಎರಡಾದರೆ ಬಂದ್, ಮೂರಾದರೆ ಪೈಪು ಒಡೆದಿದೆ, ಓಡಿ ಬಾ. "ಅಪ್ಪಿತಪ್ಪಿ ಎತ್ತಬ್ಯಾಡ ಅಣ್ಣಾ, ಬ್ಯಾಲೆನ್ಸ್ ಹೋಗತೈತಿ. ಮಾತಾಡೂದು ಏನಿದ್ರೂ ಸಂಜೀಕ ಮನ್ಯಾಗ ಮಾತಾಡೂಣು" ಎಂದಿದ್ದ. ಅವ್ವ ನಗುತ್ತಿದ್ದಳು: "ನಿಮ್ಮ ಫೋನು ಬರೇ ಕೆಮ್ಮತೈತಿ, ಮಾತಾಡೂದಿಲ್ಲ."

ಒಮ್ಮೆ ಒಂದು ರಿಂಗು ಬಂತೆಂದು ಮೋಟಾರು ಹಚ್ಚಿದೆ. ಬಾಬು ತಲೆಯಿಂದ ಕಾಲಿನವರೆಗೆ ತೊಯ್ದು ಬಂದು ನಿಂತ.

"ಯಾರು ಹಚ್ಚಾಕ ಹೇಳಿದ್ರು? ನಾ ಪೈಪ್ ಬಿಚ್ಚಿಕೊಂಡು ಕುಂತಿದ್ನಿ."

"ಫೋನ್ ಹೇಳ್ತು."

ನಂಬರು ನೋಡಿದರೆ ಅವನದಲ್ಲ. ಆ ನಂಬರಿಗೆ ತಿರುಗಿ ಫೋನು ಹಚ್ಚಿ ಕೇಳಿದೆ. ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿಯ ಹುಡುಗನೊಬ್ಬ ತನ್ನ ಅಣ್ಣನಿಗೆಂದು ನಂಬರು ತಪ್ಪಿ ಒತ್ತಿದ್ದ. ಅಲ್ಲೂ ಕಬ್ಬು, ಅಲ್ಲೂ ಬಾವಿ, ಅಲ್ಲೂ ರಿಂಗಿನ ಲೆಕ್ಕ. "ಹುಕ್ಕೇರಿ ತಾಲೂಕಿನವರ ಮಾತ ಕೇಳಿ ನನಗ ಜಳಕಾ ಮಾಡಿಸಿದಿ ನೋಡು" ಎಂದು ಬಾಬು ಅಂಗಿ ಹಿಂಡಿಕೊಂಡ.

ತೀರಿಕೊಂಡ ದಿನ ಬಾಬು ಗೊಬ್ಬರ ತರಲು ಬೈಕಿನಲ್ಲಿ ಮೂಡಲಗಿಗೆ ಹೋಗಿದ್ದ. ನಾನು ಬಾವಿಯ ಬಳಿ ಕುಳಿತಿದ್ದಾಗ ಅವನ ನಂಬರಿನಿಂದ ಫೋನು ಬಂತು. ಒಂದು, ಎರಡು, ಮೂರು. ಮೂಡಲಗಿಯಲ್ಲಿ ಯಾವ ಪೈಪು ಒಡೆಯಿತು ಎಂದುಕೊಂಡೆ. ನಾಲ್ಕನೆಯ ರಿಂಗಿಗೆ ನಮ್ಮಲ್ಲಿ ಅರ್ಥವೇ ಇರಲಿಲ್ಲ. ಎತ್ತಿದೆ. ಆ ನಂಬರಿನಿಂದ ಮೊದಲ ಸಲ ಮಾತು ಕೇಳಿಸಿತು. ದಾರಿಹೋಕರ ಮಾತು. "ಈ ಫೋನಿನವರು ನಿಮ್ಮವರೇನ್ರಿ? ಗಾಡಿ ಮ್ಯಾಲಿಂದ ಬಿದ್ದಾರ್ರಿ, ಲಗೂನ ಬರ್ರಿ." ನಾನು ಮುಟ್ಟುವ ಹೊತ್ತಿಗೆ ಬಾಬು ಇರಲಿಲ್ಲ.

ಈಗ ಯಾರದೇ ಫೋನು ಬರಲಿ, ಮೊದಲ ರಿಂಗಿಗೇ ಎತ್ತಿಬಿಡುತ್ತೇನೆ. ಬಾಗೇವಾಡಿಯ ಹುಡುಗ ಇನ್ನೂ ಆಗಾಗ ನಂಬರು ತಪ್ಪುತ್ತಾನೆ. "ಮತ್ತ ಎತ್ತಿದ್ರೇನ್ರಿ ಅಣ್ಣಾರ? ನಮ್ಮ ಬ್ಯಾಲೆನ್ಸ್ ಹೋತಲ್ರಿ" ಎನ್ನುತ್ತಾನೆ. ನಾನು ಕಬ್ಬು ಹೇಗಿದೆ, ಅಣ್ಣ ಹೇಗಿದ್ದಾನೆ ಎಂದು ಕೇಳಿ ಇನ್ನಷ್ಟು ಕಳೆಯುತ್ತೇನೆ.

ಮೊನ್ನೆ ಅವ್ವ ಬಾಬುವಿನ ಫೋನನ್ನು ನನ್ನ ಕೈಗಿಟ್ಟಳು. "ಮಂದಿ ಫೋನಿನ್ಯಾಗ ದನಿ ಹಿಡಿದಿಡ್ತಾರಂತ. ಇದರಾಗ ಅವನ ದನಿ ಐತೇನು, ನೋಡಪಾ." ನೋಡಿದೆ. ಅವನು ಕಡೆಯದಾಗಿ ಹಚ್ಚಿದ ನಂಬರುಗಳಿದ್ದವು, ಎಲ್ಲ ನನ್ನದೇ. ಅವನ ದನಿ ಇಲ್ಲ.