ಹಿತ್ತಲಲ್ಲಿ ನಿಂತವನು ಕದಲಲೇ ಇಲ್ಲ

ವಿದ್ಯುತ್ತು, ಅಯಸ್ಕಾಂತ, ಅಲೆ, ಕಿರಣ ಎಲ್ಲವನ್ನೂ ಕಾಲೇಜು ಮಕ್ಕಳಿಗೆ ಅರೆದು ಕುಡಿಸುವ ನಾನು ಒಂದು ರೂಟರ್ ಬದಲಾಯಿಸಲು ಹಾಸನದಿಂದ ಆಳು ಕರೆಸಬೇಕೇ? ಹೊಳೆನರಸೀಪುರದಲ್ಲಿ ತಲೆ ಎತ್ತಿ ಓಡಾಡುವುದು ಬೇಡವೇ? "ಇವತ್ತು ಸೂರ್ಯ ಮುಳುಗೋದ್ರೊಳಗೆ ಹೊಸ ರೂಟರ್ ಪ್ರತಿಷ್ಠಾಪನೆ ಆಗದಿದ್ರೆ ನನ್ನ ಹೆಸರು ಲಕ್ಷ್ಮೀನರಸಿಂಹನೇ ಅಲ್ಲ!" ಎಂದು ಹಜಾರದಲ್ಲಿ ನಿಂತು ಘೋಷಿಸಿದೆ.

"ಹೆಸರಿನ ವಿಷಯ ಆಮೇಲೆ ನೋಡೋಣ. ಕ್ಯಾಮೆರಾ ಕೆಡದೆ ಇದ್ರೆ ಸಾಕು" ಎಂದಳು ನನ್ನ ಹೆಂಡತಿ ಶ್ರೀಗೌರಿ.

ಇದು 2009ರ ಮಾತು. ನಮ್ಮ ಬೀದಿಯಲ್ಲಿ ಮನೆಗೆ ಕ್ಯಾಮೆರಾ ಹಾಕಿಸಿದವರು ನಾವು ಮಾತ್ರ. ಶೋಕಿಗಲ್ಲ ಸ್ವಾಮಿ, ಹೆದರಿಕೆಗೆ! ಬೀದಿಯ ಆಂಜನೇಯನ ಬೆಳ್ಳಿ ಕವಚ ಅಪ್ಪನ ಕಾಲದಿಂದಲೂ ನಮ್ಮ ದೇವರ ಮನೆಯಲ್ಲೇ ಇರುತ್ತದೆ. ಹಬ್ಬದ ದಿನ ಗುಡಿಗೆ ಹೋಗಿ ಸಂಜೆಗೆ ವಾಪಸ್ಸು. ಆದರೆ ದೇವಸ್ಥಾನ ಸಮಿತಿಯ ಅಧ್ಯಕ್ಷ ಚಂದ್ರಯ್ಯನವರು ಒಂದು ದಿನ ಬಂದು ಕೂತು ಹೇಳಿಯೇಬಿಟ್ಟರು: "ಅರಕಲಗೂಡ್ ಕಡೆ, ಚನ್ನರಾಯಪಟ್ಣದ ಕಡೆ ಕಳ್ಳರ ಕಾಟ ಜಾಸ್ತಿ ಆಗ್ಬುಟ್ಟದೆ ಅಂತಾವ್ರೆ ಸ್ವಾಮಿ. ಕ್ಯಾಮೆರಾ ಹಾಕ್ಸಿ. ಅದು ಕೆಟ್ಟು ನಿಂತ ದಿನ ಕವಚ ಬ್ಯಾಂಕ್ ಲಾಕರ್‌ಗೆ ಓಯ್ತದೆ."

ಅಮ್ಮನ ಮುಖ ಸಣ್ಣದಾಯಿತು. "ಕವಚ ಲಾಕರ್‌ಗೆ ಅಂತ ಈ ಹೊಸ್ತಿಲು ದಾಟಿದ್ರೆ, ಅದರ ಹಿಂದೆ ನಾನೂ ದಾಟ್ತೀನಿ" ಎಂದಳು. ನಮ್ಮಮ್ಮ ಗೋದಮ್ಮ ಹೇಳಿದ್ದನ್ನು ಮಾಡದೆ ಬಿಟ್ಟವಳಲ್ಲ. ಅಂದಿನಿಂದ ನನಗೆ ಕಳ್ಳರಿಗಿಂತ ಕ್ಯಾಮೆರಾದ ಭಯವೇ ಹೆಚ್ಚಾಯಿತು.

ಕ್ಯಾಮೆರಾ ಎರಡು. ಒಂದು ಮುಂಬಾಗಿಲಿಗೆ, ಒಂದು ಹಿತ್ತಲಿಗೆ. ಎರಡೂ ತಂತಿಯಿಲ್ಲದವು. ಕಂಡದ್ದನ್ನು ಗಾಳಿಯಲ್ಲೇ ರೂಟರಿಗೆ ಮುಟ್ಟಿಸುತ್ತವೆ, ರೂಟರ್ ಅದನ್ನು ಹಜಾರದ ಕಂಪ್ಯೂಟರಿನಲ್ಲಿ ತೋರಿಸುತ್ತದೆ. ಅಂಗಡಿಯವನು ಬಂದ ದಿನ ನಾನು ಮನೆಯಲ್ಲಿರಲಿಲ್ಲ. ಬಾಗಿಲು ತೆಗೆದವಳ ಹೆಸರನ್ನೇ ಆ ಮಹಾನುಭಾವ ರೂಟರಿಗೆ ಇಟ್ಟು ಹೋಗಿದ್ದ. ದುಡ್ಡು ನನ್ನದು, ಬಿಲ್ಲು ನನ್ನದು, ಮನೆಯ ಗಾಳಿಯಲ್ಲಿ ಮಾತ್ರ 'ಶ್ರೀಗೌರಿ'!

"ಹೊಸದಕ್ಕೂ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಡಿ. ಕ್ಯಾಮೆರಾ ಆ ಹೆಸರು ಹಿಡಿದೇ ಹುಡುಕೋದು" ಎಂದಳು ಗೌರಿ.

"ಮನೆ ಯಜಮಾನ ನಾನು! ಇನ್ಮೇಲೆ ಗಾಳೀಲಿ ನನ್ನ ಹೆಸರು ತೇಲಬೇಕು!"

"ತೇಲಲಿ. ಕ್ಯಾಮೆರಾ ಮುಳುಗತ್ತೆ."

ಇನ್ನೊಂದು ತೊಡಕಿತ್ತು. ಫೋನಿನ ತಂತಿ ದೇವರ ಮನೆಯ ಕಿಟಕಿಯಿಂದಲೇ ಒಳಗೆ ಬಂದಿದ್ದರಿಂದ ರೂಟರ್ ಕೂಡ ದೇವರ ಮನೆಯಲ್ಲೇ, ಸಾಲಿಗ್ರಾಮದ ಪಕ್ಕದ ಗೂಡಿನಲ್ಲಿತ್ತು. ಅದನ್ನು ಮುಟ್ಟಬೇಕಾದರೆ ಮಡಿ! ಹಿತ್ತಲ ನಲ್ಲಿಯಲ್ಲಿ ತಲೆಗೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ನಿಂತೆ. ಅಮ್ಮ ಒಳಗಿನಿಂದಲೇ ಆಜ್ಞೆ ಹೊರಡಿಸಿದಳು: "ಅಂಗಡಿ ಸಾಮಾನು ಕಣೋ, ನೀರು ಹಾಕಿ ಒಳಗೆ ತಾ!"

ರೂಟರಿಗೆ ನೀರು! ಭೌತಶಾಸ್ತ್ರವನ್ನು ಅಮ್ಮನಿಗೆ ಕಲಿಸಲು ನನಗೆ ಧೈರ್ಯವಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿದ್ದ ರೂಟರನ್ನು ಕಂಕುಳಲ್ಲಿ ಅವುಚಿಕೊಂಡು, ಬೆನ್ನು ಬಗ್ಗಿಸಿ, ಅಮ್ಮ ಇಣುಕುತ್ತಿಲ್ಲ ತಾನೇ ಎಂದು ಅತ್ತಿತ್ತ ನೋಡಿ, ಒಂದು ಚೊಂಬು ನೀರನ್ನು ಸದ್ದಾಗುವಂತೆ ಕಲ್ಲಿನ ಮೇಲೆ ಸುರಿದೆ. "ಹಾಕ್ದೆಮ್ಮಾ!"

"ಹಳೇದರ ಸ್ವಿಚ್ಚು ಈಗಷ್ಟೇ ನಾನೇ ಆರಿಸ್ದೆ, ಶಾಕ್ ಗೀಕ್ ಹೊಡೆದೀತು" ಎಂದು ಅಮ್ಮ ಒಳಗಿನಿಂದ ಕೂಗಿದಳು.

ಒಳಗೆ ಹೋಗಿ ಹೊಸ ರೂಟರ್ ಇಟ್ಟೆ, ದೀಪಗಳು ಮಿನುಗಿದವು. ಹಜಾರಕ್ಕೆ ಬಂದು ಕಂಪ್ಯೂಟರಿನಲ್ಲಿ ಅದಕ್ಕೆ 'ನರಸಿಂಹ' ಎಂದು ನಾಮಕರಣ ಮಾಡಿದೆ. ಕ್ಯಾಮೆರಾದ ಕಿಟಕಿ ತೆರೆದೇ ಇತ್ತು. ನೋಡಿದರೆ ಮುಂಬಾಗಿಲು ಕಾಣುತ್ತಿದೆ, ಹಿತ್ತಲೂ ಕಾಣುತ್ತಿದೆ!

"ನೋಡಿದ್ಯಾ! ಹೆಸರು ಬದಲಾದ್ರೂ ಬಂತು! ಗೌರಿ ಇಲ್ದೆ ಜಗತ್ತು ನಡೆಯಲ್ಲ ಅಂದ್ಕೊಂಡಿದ್ಯಾ?"

ಗೌರಿ ಬಗ್ಗಿ ನೋಡಿದಳು. ಅವಳ ದನಿ ನಡುಗಿತು. "ರೀ... ಹಿತ್ತಲಲ್ಲಿ ಅದ್ಯಾರ್ರೀ?"

ಹೌದು, ಹಿತ್ತಲಲ್ಲಿ ಒಬ್ಬ ನಿಂತಿದ್ದ! ಸೂರಿನಡಿಯ ಕ್ಯಾಮೆರಾಕ್ಕೆ ಅವನ ಮುಖ ಕಾಣದು. ಬೆನ್ನು, ಬರಿಮೈ, ನಡುನೆತ್ತಿ ಪೂರಾ ಬೋಳು. ಕಂಕುಳಲ್ಲಿ ಏನೋ ಗಂಟು. ಕತ್ತು ವಾರೆ ಮಾಡಿ ನಮ್ಮ ಹಿಂಬಾಗಿಲನ್ನೇ ನೋಡುತ್ತಿದ್ದಾನೆ! ಓಡಿಹೋಗಿ ಹಿಂಬಾಗಿಲಿಗೆ ಅಗುಳಿ ಹಾಕಿದೆ. ಅದಕ್ಕೆ ಒರಳುಕಲ್ಲು ಒತ್ತುಕೊಟ್ಟೆ. ಚಂದ್ರಯ್ಯನವರಿಗೆ ಫೋನು ಮಾಡುವಾಗ ನನ್ನ ಹಲ್ಲುಗಳೇ ಮಾತಾಡಿದವು. ಒದ್ದೆ ಮೈ, ಮೇಲೆ ಭಯ! ನಡುಗುತ್ತಿದ್ದ ನನಗೆ ಅಮ್ಮ ತನ್ನ ಮಡಿಯ ಧಾಬಳಿಯನ್ನು ತಲೆಯ ಮೇಲಿಂದ ಹೊದಿಸಿದಳು.

ಚಂದ್ರಯ್ಯನವರು ದೊಣ್ಣೆ ಸಮೇತ ಮುಂಬಾಗಿಲಿನಿಂದ ಬಂದರು. ಜೊತೆಗೆ ಎದುರುಮನೆಯ ಗುಂಡಯ್ಯ. ಪರದೆಯಲ್ಲಿ ಅವನು ಹಾಗೆಯೇ ನಿಂತಿದ್ದ.

"ಅಲ್ಲಾಡ್ತಾನೇ ಇಲ್ವಲ್ಲ ಸ್ವಾಮಿ!" ಎಂದರು ಚಂದ್ರಯ್ಯ.

"ಪಳಗಿದ ಕಳ್ಳ! ಆ ಹೊಟ್ಟೆ ನೋಡಿ, ಕೂತು ತಿಂದ ಮೈ! ಆ ಬೋಳುತಲೆ ನೋಡಿದ್ರೇ ಗೊತ್ತಾಗುತ್ತೆ, ಲಫಂಗ!" ಎಂದೆ ನಾನು ಧಾಬಳಿಯೊಳಗಿನಿಂದ.

ಗುಂಡಯ್ಯ ಅಡುಗೆಮನೆ ಕಿಟಕಿಯಿಂದ ಹಿತ್ತಲಿಗೆ ಇಣುಕಿ, ಬಿಳಿಚಿಕೊಂಡು ಬಂದರು. "ಅಲ್ಲಿ ಒಂದು ನರಪಿಳ್ಳೆನೂ ಇಲ್ಲ ಕಣ್ಲಾ ಚಂದ್ರಣ್ಣ!"

ಹಿತ್ತಲಲ್ಲಿಲ್ಲ, ಪರದೆಯಲ್ಲಿದ್ದಾನೆ! ಆಗ ಅಮ್ಮ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಂದಳು. ನೋಡಿದಳು. ಎರಡೂ ಕೈ ಮುಗಿದಳು.

"ನಿಮ್ಮಪ್ಪ ಕಣೋ! ಅದೇ ಬೆನ್ನು, ಅದೇ ಬೋಳು ನೆತ್ತಿ! ಕವಚ ಕಾಯಕ್ಕೆ ಬಂದಿದಾರೆ. ಯಾಕೋ ಕೋಪದಲ್ಲಿ ನಿಂತಿದಾರೆ. ಏನು ಮಡಿ ಕೆಡಿಸಿದ್ಯೋ?"

ಅಪ್ಪ ತೀರಿಕೊಂಡು ಹನ್ನೆರಡು ವರ್ಷ! ವಿದ್ಯುತ್ತು, ಅಯಸ್ಕಾಂತ, ಅಲೆ, ಕಿರಣ ಒಂದೇ ಏಟಿಗೆ ನನ್ನ ತಲೆಯಿಂದ ಹಾರಿಹೋದವು. ಕಂಪ್ಯೂಟರಿನ ಮುಂದೆ ಉದ್ದಂಡ ನಮಸ್ಕಾರ ಹಾಕಿದೆ. "ಅಪ್ಪಾ, ತಪ್ಪಾಯ್ತು! ರೂಟರಿಗೆ ನೀರು ಹಾಕಿಲ್ಲ, ಕಲ್ಲಿಗೆ ಹಾಕಿದ್ದು! ಅಮ್ಮನಿಗೆ ಸುಳ್ಳು ಹೇಳ್ದೆ! ನನ್ನ ಬಿಟ್ಟುಬಿಡಿ!"

ಈ ಹೊತ್ತಿಗೆ ಗೌರಿಯ ನಡುಕ ನಿಂತಿತ್ತು. ಪರದೆಗೆ ಮೂಗು ತಾಗಿಸಿ ಆ ಗಂಟನ್ನೇ ದಿಟ್ಟಿಸಿದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕುರ್ಚಿ ಎಳೆದು ಕೂತು, 'ನರಸಿಂಹ' ಅಳಿಸಿ 'ಶ್ರೀಗೌರಿ' ಎಂದು ಬರೆದಳು. ಹಳೆಯ ಪಾಸ್‌ವರ್ಡನ್ನೇ ಕೊಟ್ಟಳು. ಸ್ವಲ್ಪ ಹೊತ್ತಿಗೆ ಚಿತ್ರ ಒಮ್ಮೆ ಅದುರಿತು. ಬೋಳುತಲೆ ಮಾಯ! ಹಿತ್ತಲಲ್ಲಿ ತುಳಸಿ ಅಲ್ಲಾಡುತ್ತಿತ್ತು.

"ಹೊರಟುಹೋದ್ರು" ಎಂದು ಅಮ್ಮ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ.

"ರೀ, ಅಲ್ಲೇ ನಲ್ಲಿ ಹತ್ರ ಚೊಂಬು ಬಿಟ್ಟು ಬಂದಿದೀರಿ, ತನ್ನಿ" ಎಂದಳು ಗೌರಿ. "ಅತ್ತೆ ಧಾಬಳಿ ಒದ್ದೆಯಾಗತ್ತೆ, ಅದನ್ನ ಇಟ್ಟು ಹೋಗಿ."

ಎಲ್ಲರೆದುರು ಹೆದರಿಕೆ ತೋರಿಸುವುದು ಹೇಗೆ? ಒರಳು ಸರಿಸಿ, ರಾಮನಾಮ ಜಪಿಸುತ್ತ ಹೋಗಿ, ಬೆನ್ನು ಬಗ್ಗಿಸಿ ಚೊಂಬಿಗೆ ಕೈ ಹಾಕಿದೆ. ಒಳಗಿನಿಂದ ಕಿರುಚಾಟ!

"ಬಂದ್ರು! ಮತ್ತೆ ಬಂದ್ರು!"

"ಅಗೋ, ಚೊಂಬು ಎತ್ಕಂತಾವ್ನೆ!"

ನನ್ನ ಪಕ್ಕದಲ್ಲೇ ಅಪ್ಪ! ಚೊಂಬು ಬಿಸಾಡಿ ಗರಗರ ಸುತ್ತಿ ನೋಡಿದೆ. ಯಾರೂ ಇಲ್ಲ. ದಿಕ್ಕು ತೋಚದೆ ಕ್ಯಾಮೆರಾದತ್ತ ಮುಖ ಎತ್ತಿ "ಎಲ್ಲೀ?" ಎಂದು ಅರಚಿದೆ.

ಒಳಗಿನಿಂದ ಚಂದ್ರಯ್ಯನವರ ನಗು ಬೀದಿಗೆಲ್ಲ ಕೇಳಿಸಿತು. "ಅಯ್ಯೋ ಸ್ವಾಮಿ, ಆ ಲಫಂಗ ನೀವೇ ಕಣ್ರೀ!"

ನೆತ್ತಿ ಮುಟ್ಟಿ ನೋಡಿಕೊಂಡೆ. ಕೂದಲು ಸಿಗಲಿಲ್ಲ. ಮುಂದಿನಿಂದ ಮಾತ್ರ ತೋರಿಸುವ ಕನ್ನಡಿ ಇಷ್ಟು ವರ್ಷ ನನ್ನ ಮರ್ಯಾದೆ ಕಾಪಾಡಿಕೊಂಡು ಬಂದಿತ್ತು. ಹಳೆಯ ರೂಟರ್ ಆರಿದಾಗ ಕ್ಯಾಮೆರಾ ಕಳಿಸಿದ್ದ ಕೊನೆಯ ಚಿತ್ರ ಪರದೆಗೆ ಅಂಟಿಕೊಂಡಿದ್ದನ್ನು ಕಂಡು ನಾನೇ ಊರು ಕೂಡಿಸಿದ್ದೆ! ಅವಮಾನದಿಂದ ಅಲ್ಲೇ ತಲೆ ತಗ್ಗಿಸಿ ನಿಂತೆ.

ಅಮ್ಮನಿಗೆ ಮಾತ್ರ ಬೇರೆಯೇ ವಿಷಯ ನೆನಪಾಗಿತ್ತು. "ಹಾಗಾದ್ರೆ ಅದಕ್ಕೆ ನೀರು ಹಾಕಿಲ್ಲ ಅಂದಿದ್ದು ನಿಜ!" ಎನ್ನುತ್ತ ಅವಳು ದೇವರ ಮನೆಗೆ ಹೋದದ್ದು ಕೇಳಿಸಿತು. "ಅತ್ತೇ, ಬೇಡಿ!" ಎಂದು ಗೌರಿ ಕೂಗಿದಳು. ನೀರು ಸುರಿದ ಸದ್ದು. ಹಿಂದೆಯೇ 'ಟಪ್'!

ಒಳಗೆ ಓಡಿದೆ. ಹೊಸ ರೂಟರಿನಲ್ಲಿ ಒಂದು ದೀಪವೂ ಇರಲಿಲ್ಲ. ಪರದೆಯಲ್ಲಿ ಮತ್ತೆ ಹಿತ್ತಲು ನಿಂತುಹೋಗಿತ್ತು, ಅದರ ನಡುವೆ ನಾನೂ. ಮುಗಿಯಿತು, ಕವಚ ಹೋಯಿತು, ಅದರ ಹಿಂದೆ ಅಮ್ಮನೂ ಹೊರಟಳು ಎಂದುಕೊಂಡು ಚಂದ್ರಯ್ಯನವರ ಮುಖ ನೋಡಿದೆ.

ಅವರು ಕಣ್ಣೊರೆಸಿಕೊಂಡು ಎದ್ದರು. "ಕವಚ ಇಲ್ಲೇ ಇರ್ಲಿ ಬುಡಿ ಸ್ವಾಮಿ. ಕಳ್ಳ ಬಂದ್ರೂ ನಿಮ್ಮನ್ನ ನೋಡಿ, ನಂಗಿಂತ ಮುಂಚೆ ಇನ್ನೊಬ್ಬ ಬಂದವ್ನೆ ಅಂತ ವಾಪಸ್ ಓಯ್ತಾನೆ."

ಅಮ್ಮ ನಿಟ್ಟುಸಿರು ಬಿಟ್ಟಳು. ನಾನು ಗೌರಿಯ ಕಿವಿಯ ಹತ್ತಿರ ಬಗ್ಗಿ ಬೇಡಿಕೊಂಡೆ: "ನಾಳೆ ಹಾಸನದಿಂದ ಆಳನ್ನೇ ಕರೆಸೋಣ. ಮೊದಲು ಆ ಚಿತ್ರ ತೆಗಿ, ಮಾರಾಯ್ತಿ!"

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. "ಇರಲಿ ಬಿಡಿ. ಮದುವೆಯಾದ ಮೇಲೆ ಇದೇ ಮೊದಲ ಸಲ ತಲೆ ತಗ್ಗಿಸಿ, ಬಾಯಿ ಮುಚ್ಚಿಕೊಂಡು ನಿಂತಿದೀರಿ. ಇನ್ನೂ ಸ್ವಲ್ಪ ಹೊತ್ತು ನೋಡ್ತೀನಿ."