ಕರಗದ ಮೂಗುಬಟ್ಟು

"ಇಷ್ಟು ಸಣ್ಣದಾದಮ್ಯಾಲ ಬಂಗಾರರ ಎಷ್ಟೊತ್ತು ಗಟ್ಟಿ ಇದ್ದೀತು?"

ಮಾಂತೇಶ ಕೇಳಿದ್ದು ಗೋಡೆಯನ್ನು. ಮಧ್ಯಾಹ್ನ ಜಮಖಂಡಿಯ ಕಾಲೇಜಿನಲ್ಲಿ ಹಿರಿಯ ಪ್ರಾಧ್ಯಾಪಕರ ಮುಂದೆ ತನ್ನ ಸಂಶೋಧನೆಯನ್ನು ಒಪ್ಪಿಸಬೇಕಿತ್ತು. "ನೀವು ಹೇಳೂದು ತಿಳೀವಲ್ದು" ಎಂದು ಅವರು ಈಗಾಗಲೇ ಎರಡು ಸಲ ಹಿಂದಕ್ಕೆ ಕಳಿಸಿದ್ದರು. ಇದೇ ಕೊನೆಯ ಅವಕಾಶ. ಅದಕ್ಕೇ ಬನಹಟ್ಟಿಯ ಮಗ್ಗಗಳ ಸದ್ದನ್ನೂ ಮೀರಿಸಿ ಒಬ್ಬನೇ ಒದರುತ್ತಿದ್ದ.

"ಬಂಗಾರ, ಸಿಲಿಕಾನ್ ಬ್ಯಾರೆ ಬ್ಯಾರೆ ಇದ್ರ ಸಾವಿರ ಡಿಗ್ರಿಗೂ ಜಗ್ಗೂದಿಲ್ಲ. ಎರಡೂ ಕೂಡಿದ್ರ ಮುನ್ನೂರ ಚಿಲ್ಲರಕ್ಕ ಕರಗತಾವ. ಕಣ ಸಣ್ಣದಾದಂಗ ನಕ್ಷೆಯೊಳಗಿನ ಈ ಗೆರಿ ಇನ್ನೂ ಕೆಳಗ ಇಳೀತೈತಿ. ಈ ಸಿಲಿಕಾನ್ ನಮ್ಮೆಲ್ಲರ ಮೊಬೈಲಿನಾಗೂ ಐತಿ."

ಗೋಡೆ ಸುಮ್ಮನಿತ್ತು. ಗೋಡೆಯಾಚೆ ಎಲ್ಲ ಕೇಳಿಸಿಕೊಂಡ ಪಕ್ಕದ ಮನೆಯ ಸಿದ್ದಕ್ಕ ಸುಮ್ಮನಿರಲಿಲ್ಲ. ಮೊಬೈಲು ಬಿಸಿಲಿಗೆ ಬಿಟ್ಟ ಗಾಡಿಯ ಸೀಟಿನಷ್ಟು ಕಾಯುವವರೆಗೆ ಹುನ್ನೂರಿನ ತಂಗಿಯೊಡನೆ ಮಾತಾಡುವವಳು ಅವಳು. ತೀರಿಹೋದ ಅವ್ವ ಕೊಟ್ಟ, ಜೋಳದ ಕಾಳಿನಷ್ಟು ಬಂಗಾರದ ಬಟ್ಟು ಅವಳ ಮೂಗಿನಲ್ಲಿತ್ತು. ಮೊಬೈಲು ದಿನಾ ತಾಗುವುದು ಅದಕ್ಕೇ. ಕರಗೀತೆಂಬ ಭಯಕ್ಕೆ ಬೀರದೇವರನ್ನು ನೆನೆದು ಬಟ್ಟನ್ನು ಕಳಚಿದಳು, ತಣ್ಣೀರಿನ ತಂಬಿಗೆಯಲ್ಲಿ ಹಾಕಿ ಎರಡೂ ಮನೆಗಳ ಮುಂದಿನ ಕಟ್ಟೆಯ ಮೇಲೆ ನೆರಳಿಗಿಟ್ಟಳು. ಆಮೇಲೆ ಓಣಿಯನ್ನು ಎಬ್ಬಿಸಿದಳು.

ಬಸ್ಸಿಗೆ ಹೊರಟ ಮಾಂತೇಶನನ್ನು ಹೆಂಗಸರು ಆ ಕಟ್ಟೆಯ ಬಳಿಯೇ ತಡೆದರು.

"ಸರ, ನಮ್ಮ ತಾಳಿ ಗುಂಡೂ ಕರಗತಾವೇನ್ರಿ?" ಎದುರುಮನೆಯ ರಂಜನಾ ಕೇಳಿದಳು.

"ಫೋನ್ ಬಿಡಬೇಕೋ, ಬಂಗಾರ ಬಿಡಬೇಕೋ, ಒಂದು ಹೇಳಿಬಿಡಪಾ," ಎಂದಳು ಸಿದ್ದಕ್ಕ.

ಮಾಂತೇಶನ ಹೆಂಡತಿ ಮಂಗಲಾ ಬಾಗಿಲಲ್ಲಿ ನಗು ತಡೆದುಕೊಂಡು ನಿಂತಿದ್ದಳು. "ನನಗ ಹೇಳಿದಂಗ ಹೇಳಬ್ಯಾಡ್ರಿ. ತಿಳಿಯೂವಂಗ ಹೇಳ್ರಿ."

ಮಾಂತೇಶ ಬಾಗಿಲ ಬಳಿಯಿದ್ದ ಅವಳ ಹೊಲಿಗೆ ಬುಟ್ಟಿಯಿಂದ ಒಂದು ಬಟ್ಟೆಯ ಚೂರು ತೆಗೆದ.

"ನೋಡ್ರಿ, ಬಟ್ಟಿ ನಡುವಿನ ಎಳಿಗೆ ನಾಕೂ ಕಡೆ ಹಿಡಕೊಳ್ಳಾವ್ರು ಇರತಾರ. ಕತ್ತರಿಸಿದ ಅಂಚಿನ ಎಳಿಗೆ ಒಂದು ಕಡೆ ಯಾರೂ ಇಲ್ಲ, ಜಗ್ಗಿದ್ರ ಬರತೈತಿ. ಇಡೀ ಬಟ್ಟಿ ಥಾನಿನಾಗ ನಡುವ ಹೆಚ್ಚು, ಚಿಂದಿಯೊಳಗ ಬರೇ ಅಂಚ. ಸಣ್ಣ ಕಣದ್ದೂ ಇದ ಗತಿ, ಅದಕ್ಕ ಬ್ಯಾಗ ಸಡಲತೈತಿ. ಆದ್ರ ನಾ ಹೇಳೂ ಕಣ ಕಣ್ಣಿಗೆ ಕಾಣೂದಿಲ್ಲ. ನಿಮ್ಮ ಬಟ್ಟು ಅದರ ಮುಂದ ಗುಡ್ಡ. ಫೋನಿನ ಕಾವಿಗೆ ಗುಡ್ಡ ಕರಗತೈತೇನ್ರಿ?"

ಹೆಂಗಸರು ತಲೆಯಾಡಿಸಿದರು. ತಿಳಿದಿತ್ತು. ಮಂಗಲಾ ಹತ್ತಿರ ಬಂದು ಅವನ ಅಂಗಿಯ ಕಾಲರು ಸರಿಪಡಿಸಿದಳು. "ಇಷ್ಟ ಐತೇನ್ರಿ? ಅಲ್ಲೂ ಹಿಂಗ ಹೇಳ್ರಿ ಮತ್ತ."

ಮಾಂತೇಶನ ಎದೆ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತು. ಗಂಟಲು ಮಾತ್ರ ಒಣಗಿತ್ತು. ಕಟ್ಟೆಯ ಮೇಲಿದ್ದ ತಂಬಿಗೆ ಎತ್ತಿ ಗಟಗಟ ಕುಡಿದ.

"ಹಂಗಾರ ನನ್ನ ಬಟ್ಟು ನಾ ಹಾಕೋತೀನಿ," ಎಂದು ಸಿದ್ದಕ್ಕ ಕಟ್ಟೆಯತ್ತ ತಿರುಗಿದಳು. "ನೀರಾಗ ಇಟ್ಟಿದ್ನಲ್ಲ, ತಂಬಿಗಿ ಎಲ್ಲಿ?"

ಎಲ್ಲರೂ ಮಾಂತೇಶನ ಕೈ ನೋಡಿದರು. ಅವನು ತಂಬಿಗೆಯನ್ನು ಬೋರಲು ಮಾಡಿದ. ಒಂದು ಹನಿ ಬಿತ್ತು.

"ಗಂಟಲಾಗ ಏನೋ ತಟ್ಟಿದಂಗಾತು," ಎಂದ ಮೆಲ್ಲಗೆ.

ಮಂಗಲಾ ಬಾಳೆಹಣ್ಣು ತರಲು ಒಳಗೆ ಓಡಿದಳು. ಓಣಿಯ ತುದಿಯಲ್ಲಿ ಜಮಖಂಡಿ ಬಸ್ಸು ಹಾರ್ನು ಹಾಕಿತು.

"ಸಿದ್ದಕ್ಕ, ನೀರಾಗ ಕರಗಿರಬೇಕ್ರಿ. ಬಸ್ಸು ಹೊಂಟೈತಿ, ನನ್ನ ಬಿಡ್ರಿ."

ಸಿದ್ದಕ್ಕ ಅವನನ್ನು ಕಟ್ಟೆಯ ಮೇಲೆ ಕೂಡಿಸಿದಳು, ತಲೆ ಸವರಿದಳು, ಮಂಗಲಾ ತಂದ ಹಣ್ಣನ್ನು ತಾನೇ ಸುಲಿದು ಅವನ ಕೈಗಿಟ್ಟಳು.

"ಗುಡ್ಡ ಕರಗೂದಿಲ್ಲಂತ ನೀನ ಹೇಳಿದಿ, ಮಗನ. ಅದು ಹೊರಗ ಬರೂತನಕ ನಿನ್ನ ಬಿಡೂದಿಲ್ಲ."